ಗೋಡೆಯ ಬಳಿ ಹದಿನೈದು ನಿಮಿಷ

ಬೆಳಿಗ್ಗೆ ಲೋಕಲಿನಲ್ಲಿ ತೂರಿಕೊಂಡು ಹೋಗುವುದು, ಹಗಲೆಲ್ಲ ಕಚೇರಿಯ ಲೆಕ್ಕಪತ್ರ, ಸಂಜೆ ಮತ್ತದೇ ನೂಕುನುಗ್ಗಲು. ಮನೆ ಸೇರಿದ ಮೇಲೂ ಕೈಯಲ್ಲಿಯ ಮೊಬೈಲಿಗೆ ಬಿಡುವಿಲ್ಲ. ಡೊಂಬಿವಲಿಯಲ್ಲಿ ನಮ್ಮ ಸಂಸಾರದ ದಿನಚರಿ ಇದು. ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದ ಬಹುಮಂದಿಯದೂ ಇದೇ ಕಥೆಯಲ್ಲವೇ? ದಣಿವು ಮೈಗೆ ಮಾತ್ರ ಆಗಿದ್ದರೆ ನಿದ್ರೆಯಿಂದ ಕಳೆಯುತ್ತಿತ್ತು. ಆದರೆ ಅದು ಸಿಟ್ಟಿನ ರೂಪದಲ್ಲಿ ನಮ್ಮೊಡನೆ ಮನೆಯೊಳಗೆ ಬರುತ್ತದೆ. ಒಂದು ಸಂಜೆ ನಾವು ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಮಗಳ ದನಿ ಕೇಳಿಸಿತು: “ಅಮ್ಮಾ, ಇವತ್ತೂ ಅಪ್ಪ ಬೈತಾರಾ?”

ಆ ಮಾತು ಅನೇಕ ದಿನ ಮುಳ್ಳಿನಂತೆ ಚುಚ್ಚಿತು.

ಯೋಗವೆಂದರೆ ಸಂನ್ಯಾಸಿಗಳ ಪಾಲಿನದೆಂದು ತಿಳಿದಿದ್ದ ನಮ್ಮ ಕಣ್ಣು ತೆರೆಸಿದ್ದು, ನಮ್ಮಂತೆಯೇ ನಾಡು ಬಿಟ್ಟು ಬಂದ ಒಬ್ಬ ಕನ್ನಡಿಗರ ಬಾಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಎಳವೆಯಲ್ಲಿ ಮಲೇರಿಯಾ, ಕ್ಷಯಗಳಿಂದ ಸೊರಗಿದ್ದವರು. ಮೈಸೂರಿನಲ್ಲಿ ಅಕ್ಕನ ಗಂಡನಾದ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಆಸನಗಳನ್ನು ಕಲಿತರು. 1937ರಲ್ಲಿ ಪುಣೆಗೆ ಬಂದಾಗ ಅವರಿಗೆ ಹದಿನೆಂಟು ವರ್ಷ, ಮರಾಠಿ ಬಾರದು. ಆ ಪುಣೆಯೇ ಅವರ ಊರಾಯಿತು. 1975ರಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಅಲ್ಲಿ ಯೋಗಸಂಸ್ಥೆ ತೆರೆಯಿತು. 2014ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಗೋಡೆ, ಕುರ್ಚಿ, ಹಗ್ಗ, ಕಂಬಳಿಗಳ ಆಸರೆಯಿಂದ ವೃದ್ಧರೂ ದುರ್ಬಲರೂ ಆಸನ ಮಾಡುವಂತೆ ಮಾಡಿದ್ದು ಅವರ ದೊಡ್ಡ ಉಪಕಾರ.

ಗೋಡೆ ನಮ್ಮ ಪುಟ್ಟ ಮನೆಯಲ್ಲಿಯೂ ಇದೆಯಷ್ಟೆ! ಬಲ್ಲವರೊಬ್ಬರಿಂದ ಕಲಿತು ನಾವು ಆರಂಭಿಸಿದ್ದು ಇಷ್ಟೇ. ಊಟಕ್ಕೆ ಮೊದಲು ಗೋಡೆಯ ಪಕ್ಕ ಕಂಬಳಿ ಹಾಸಿ, ಗೋಡೆಗೆ ಸೊಂಟದ ಒಂದು ಬದಿ ತಾಗುವಂತೆ ಕೂಡಬೇಕು. ಮೆಲ್ಲನೆ ಹೊರಳಿ ಬೆನ್ನ ಮೇಲೆ ಮಲಗುತ್ತ ಎರಡೂ ಕಾಲುಗಳನ್ನು ಗೋಡೆಗೆ ಆನಿಸಿ ಮೇಲೆತ್ತಬೇಕು. ಐದು ನಿಮಿಷ ಹಾಗಿದ್ದು, ಆಮೇಲೆ ಹತ್ತು ನಿಮಿಷ ಶವಾಸನ. ಉಸಿರನ್ನು ಒಳಗೆ ಎಳೆದುದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು, ಬಿಗಿಹಿಡಿಯಬಾರದು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆಂಬುದು ವೈದ್ಯರೂ ಒಪ್ಪುವ ಮಾತು. ರಕ್ತದೊತ್ತಡ, ಹೃದ್ರೋಗ, ಕಣ್ಣಿನ ಗ್ಲಾಕೋಮಾ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಕಾಲು ಮೇಲೆತ್ತುವ ಆಸನಕ್ಕೆ ಕೈಹಾಕಬಾರದು.

ಇದರಿಂದ ಲೋಕಲಿನ ಜನ ಕಡಿಮೆಯಾಗಲಿಲ್ಲ, ಕಚೇರಿಯ ಕೆಲಸವೂ ಕರಗಲಿಲ್ಲ. ಮೊದಲ ವಾರವಂತೂ ಮಲಗಿದಲ್ಲಿಯೇ ನಾಳೆಯ ಲೆಕ್ಕ ಹಾಕುತ್ತಿದ್ದೆವು. ಬರಬರುತ್ತ, ಸಿಟ್ಟು ಬಂದಿತೆಂಬುದು ಬೈಗುಳ ಬಾಯಿಗೆ ಬರುವ ಮೊದಲೇ ನಮಗೆ ತಿಳಿಯತೊಡಗಿತು. ಅಷ್ಟು ಎಡೆ ಸಿಕ್ಕರೆ ಸಾಕು, ಸಂಸಾರ ಉಳಿಯುತ್ತದೆ. ಸಿದ್ಧಿ ಅಸಿದ್ಧಿಗಳಲ್ಲಿ ಸಮನಾಗಿರುವುದನ್ನೇ ಯೋಗವೆಂದು ಗೀತೆ ಹೇಳಿದ್ದರ ಅರ್ಥ ನಮಗೆ ಹೊಳೆದದ್ದು ಈ ಅಡಿಗೆಮನೆಯ ಗೋಡೆಯ ಬಳಿ.

ಇನ್ನೊಂದು ಮಾತು. ದಣಿವು ಗಂಡಸರ ಸೊತ್ತಲ್ಲ. ಮನೆಯಾಕೆಗೂ ಈ ಹದಿನೈದು ನಿಮಿಷ ಸಿಗಬೇಕು. ಆಕೆ ಮಲಗಿರುವಷ್ಟು ಹೊತ್ತು ಕುಕ್ಕರಿನ ಸೀಟಿ ಎಣಿಸುವ ಕೆಲಸ ಈಗ ನಮ್ಮದು. ಮಗಳೂ ತನ್ನ ಪುಟ್ಟ ಕಾಲುಗಳನ್ನು ಗೋಡೆಗೆ ಆನಿಸಿ ಅಮ್ಮನ ಪಕ್ಕ ಮಲಗುತ್ತಾಳೆ. ಬಾಗಿಲಾಚೆಯಿಂದ ಆ ಹಳೆಯ ಪ್ರಶ್ನೆ ಕೇಳಿಸದೆ ಬಹಳ ದಿನಗಳಾದವು.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಬರಿದಾದ ಒಂದು ಗೋಡೆ ಇದ್ದೀತು. ಇಂದು ಸಂಜೆಯೇ ಅದರ ಪಕ್ಕ ಒಂದು ಕಂಬಳಿ ಹಾಸಿ ನೋಡಿ.