ಬಿಸಿಲಿಗೆ ಬಾಡುವ ಕಂದ

“ಸೋದರಮಾವನಿಗೇ ಕೊಡೋಣ, ಮಗಳು ಮನೆಯಲ್ಲೇ ಉಳೀತಾಳೆ” ಅನ್ನುವ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದಲ್ಲವೇ? 1980ರ ದಶಕದಲ್ಲಿ ಮೈಸೂರು, ಬೆಂಗಳೂರಿನ ನವಜಾತ ಶಿಶುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಮಗುವಿನ ತಂದೆ-ತಾಯಿ ರಕ್ತಸಂಬಂಧಿಗಳು! ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಅಡಗಿದ್ದರೆ, ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ.

ಹೀಗೆ ಬರುವ ಅಪರೂಪದ ಕಾಯಿಲೆ ಜೆರೋಡರ್ಮಾ ಪಿಗ್ಮೆಂಟೋಸಮ್. ಬಿಸಿಲಿನಿಂದ ಕೆಟ್ಟ ಡಿಎನ್‌ಎಯನ್ನು ಈ ಮಕ್ಕಳ ಚರ್ಮ ಸರಿಪಡಿಸಿಕೊಳ್ಳಲಾರದೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಎಳವೆಯಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

ಎರಡು ವರ್ಷದೊಳಗೇ ಮುಖದ ತುಂಬ ಚುಕ್ಕೆಗಳೆದ್ದರೆ, ಬಿಸಿಲಿಗೆ ಮಗು ಕಣ್ಣು ಬಿಡದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಚರ್ಮವೈದ್ಯರಿಗೆ ತೋರಿಸಿ. ತುಂಬುತೋಳಿನ ಬಟ್ಟೆ, ಟೋಪಿ, ಕಿಟಕಿಗೆ ದಪ್ಪ ಪರದೆ, ವೈದ್ಯರು ಹೇಳಿದ ಮುಲಾಮು — ಇಷ್ಟನ್ನು ಮೊದಲಿನಿಂದಲೇ ಪಾಲಿಸಿದರೆ ಕ್ಯಾನ್ಸರನ್ನು ದೂರವಿಡಬಹುದು. ಸಂಬಂಧ ಕುದುರಿಸುವ ಮುನ್ನ ಜಾತಕದ ಜೊತೆಗೆ ಮನೆತನದ ಕಾಯಿಲೆಗಳನ್ನೂ ಕೇಳಿರಮ್ಮ.