ಅಪ್ಪ ತೆಗೆದ ಅಕ್ಕ–ತಂಗಿಯ ಫೋಟೊಗಳು

ಅಮೃತಾ ಶೇರ್‌ಗಿಲ್ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು. ಖ್ಯಾತ ಚಿತ್ರಕಲಾವಿದೆ. ಆದರೆ ಆಕೆಗೆ ಇಂದಿರಾ ಎಂಬ ತಂಗಿಯಿದ್ದಳು, ಇಬ್ಬರ ಬಾಲ್ಯವನ್ನೂ ಅವರ ಅಪ್ಪ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು ಎಂಬುದು ಎಷ್ಟು ಮಂದಿಗೆ ಗೊತ್ತು?

ಅಮೃತಾ ಹುಟ್ಟಿದ್ದು 1913ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಮರುವರ್ಷ ಇಂದಿರಾ. ಅಪ್ಪ ಉಮ್ರಾವ್ ಸಿಂಗ್ ಸಂಸ್ಕೃತ, ಪರ್ಷಿಯನ್ ವಿದ್ವಾಂಸರು. ಫೋಟೊಗ್ರಫಿ ಅವರ ಗೀಳು. ಕುಟುಂಬ 1921ರಲ್ಲಿ ಶಿಮ್ಲಾಕ್ಕೆ ಬಂತು, 1929ರಲ್ಲಿ ಪ್ಯಾರಿಸ್‌ಗೆ ಹೋಯಿತು. ಹೋದಲ್ಲೆಲ್ಲ ಕ್ಯಾಮೆರಾವೂ ಹೋಯಿತು. ಅಕ್ಕ ಕುಂಚ ಹಿಡಿದಳು, ತಂಗಿ ಪಿಯಾನೊ ಕಲಿತಳು. ಅಪ್ಪ ಫೋಟೊ ತೆಗೆದರೆ, ಅಕ್ಕ ತಂಗಿಯನ್ನೇ ಕೂರಿಸಿ ಚಿತ್ರ ಬರೆದಳು. 1932ರ ‘ಯಂಗ್ ಗರ್ಲ್ಸ್’ ಚಿತ್ರಕ್ಕೆ ರೂಪದರ್ಶಿಯಾದವರು ಇಂದಿರಾ ಮತ್ತು ಒಬ್ಬ ಗೆಳತಿ. ಮರುವರ್ಷ ಪ್ಯಾರಿಸ್‌ನಲ್ಲಿ ಅದಕ್ಕೆ ಚಿನ್ನದ ಪದಕ ಬಂತು.

1941ರ ಡಿಸೆಂಬರ್ 5ರಂದು ಲಾಹೋರ್‌ನಲ್ಲಿ ಅಮೃತಾ ತೀರಿಕೊಂಡಾಗ ಆಕೆಗೆ ಬರೀ 28 ವರ್ಷ. ಆ ಅಪ್ಪನಿಗೆ ಇಬ್ಬರನ್ನೂ ನಿಲ್ಲಿಸಿ ಇನ್ನೊಂದು ಫೋಟೊ ತೆಗೆಯುವ ಅವಕಾಶ ಮತ್ತೆ ಬರಲಿಲ್ಲ.

ಅರವತ್ತು ವರ್ಷಗಳ ನಂತರ ಇಂದಿರಾ ಅವರ ಮಗ, ಕಲಾವಿದ ವಿವಾನ್ ಸುಂದರಂ, ಅಜ್ಜನ ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿ ‘ರೀ–ಟೇಕ್ ಆಫ್ ಅಮೃತಾ’ ಎಂಬ ಚಿತ್ರಸರಣಿ ಮಾಡಿದರು. ಬೇರೆ ಬೇರೆ ಕಾಲದವರು ಅಲ್ಲಿ ಒಂದೇ ಚೌಕಟ್ಟಿನೊಳಗೆ ಬಂದರು. ಅದು ಸಾಧ್ಯವಾದದ್ದು ಅಜ್ಜ ತೆಗೆದಿಟ್ಟಿದ್ದರಿಂದ. ಈಗ ಎಐ ಆ್ಯಪ್‌ಗೆ ಎರಡು ಫೋಟೊ ಕೊಟ್ಟರೆ ಅಕ್ಕ–ತಂಗಿ ತಬ್ಬಿಕೊಂಡ ಚಿತ್ರ ಕ್ಷಣದಲ್ಲಿ ಬರುತ್ತದೆ. ಆದರೆ ಆ ಅಪ್ಪುಗೆ ನಡೆದದ್ದೇ ಅಲ್ಲವಲ್ಲ!

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಪ್ಪನ ಹತ್ತಿರ ದೊಡ್ಡ ಕ್ಯಾಮೆರಾ ಏನಿಲ್ಲ, ಇರುವುದು ಮೊಬೈಲ್. ಪ್ರತಿವರ್ಷ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ನನ್ನದೂ ಅಕ್ಕನದೂ ಒಂದು ಫೋಟೊ ಆಗಲೇಬೇಕು. ಮೊದಲನೆಯದರಲ್ಲಿ ನನ್ನ ಕೈಯಲ್ಲಿ ಬೆಂಡು–ಬತ್ತಾಸು. ಗದ್ದಲದಲ್ಲಿ ಕಳೆದುಹೋಗಬಾರದೆಂದು ಅಕ್ಕ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಿದ್ದಾಳೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನ ಫೋಟೊದಲ್ಲಿ ಇಬ್ಬರ ನಡುವೆ ಮೂರನೆಯವರು ನಿಲ್ಲುವಷ್ಟು ಜಾಗ. ಆ ವರ್ಷ ನಮಗೆ ಮಾತೇ ಇರಲಿಲ್ಲ. ಈ ವರ್ಷದ್ದರಲ್ಲಿ ಅಕ್ಕನ ಬ್ಯಾಗ್ ನನ್ನ ಹೆಗಲಲ್ಲಿದೆ. ಯಾವಾಗ ಅದು ಅಲ್ಲಿಗೆ ಬಂತು ಎಂಬುದು ಇಬ್ಬರಿಗೂ ನೆನಪಿಲ್ಲ.

ಅಕ್ಕನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡುತ್ತಾಳೆ. ಅಪ್ಪ ಈಗ ಜಾತ್ರೆಗೆ ಕಾಯುವುದಿಲ್ಲ. ಬಟ್ಟೆ ಮಡಚುವಾಗ, ರಿಮೋಟ್‌ಗೆ ಕಿತ್ತಾಡುವಾಗಲೂ ಮೊಬೈಲ್ ಎತ್ತುತ್ತಾರೆ. ‘ನನ್ನ ಕಡೆ ನೋಡಬ್ಯಾಡ್ರಿ, ಹಂಗ ಇರ್ರಿ’ ಎನ್ನುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ಜಗಳ ಮುಂದುವರಿಸುತ್ತೇವೆ.

ನೌಕರಿಗೋ ಓದಿಗೋ ಊರು ಬಿಡುವ ಗೆಳೆಯ ಗೆಳತಿಯರೇ, ಬ್ಯಾಗ್ ತುಂಬುವ ಮೊದಲು ಮನೆಯವರ ಮೊಬೈಲಿನಿಂದ ಹತ್ತು ಫೋಟೊ ಆರಿಸಿ ಪ್ರಿಂಟ್ ಹಾಕಿಸಿ. ಹಿಂದೆ ಊರು, ಇಸವಿ ಬರೆಯಿರಿ. ಚೆಂದ ಕಾಣುವ ಫೋಟೊಗಳಷ್ಟೇ ಬೇಡ, ಮಾತು ಬಿಟ್ಟ ವರ್ಷದ್ದೂ ಒಂದಿರಲಿ.