ವಿದ್ಯುತ್ತಿಗೂ ನೀರುಗಂಟಿ ಬೇಕು

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹಳೇಬೀಡಿನ ಪುರಾತನ ನಾಮವಾದ ದೋರಸಮುದ್ರವೂ ಕೆರೆಯಿಂದಲೇ ಬಂದುದು. ಆ ಸೀಮೆಯ ಹಿರಿಯರು ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿದು, ತಮ್ಮ ಗದ್ದೆಗಳಿಗೆ ಉಣಿಸಿ, ಮಿಕ್ಕುದನ್ನು ಕೋಡಿಯ ಮೂಲಕ ಕೆಳಗಿನ ಊರಿನ ಕೆರೆಗೆ ಬಿಡುತ್ತಿದ್ದರು. ತೂಬನ್ನು ತೆರೆದು ಮುಚ್ಚುವ ನೀರುಗಂಟಿಯು ಊರಿಗೆಲ್ಲ ಹೊಣೆಗಾರನಾಗಿದ್ದನು. ವಿದ್ಯುಚ್ಛಕ್ತಿಯ ವಿಷಯದಲ್ಲಿ ನಮ್ಮ ನಾಡು ಇಂದು ಇಂತಹುದೇ ಏರ್ಪಾಡಿನ ಹೊಸ್ತಿಲಲ್ಲಿ ನಿಂತಿದೆಯೆಂಬುದನ್ನು ವಾಚಕಮಹಾಶಯರ ಗಮನಕ್ಕೆ ತರಲಿಚ್ಛಿಸುತ್ತೇವೆ.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ಸಾಗಿ ಮೊದಲು ಸೇರಿದುದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಹಳ್ಳಿಗಳ ಸರದಿ ಬಹಳ ತಡವಾಗಿ ಬಂದಿತು. ಅಂದಿನಿಂದ ಕ್ರಮವು ಒಂದೇ. ಶಕ್ತಿಯು ಎಲ್ಲಿಯೋ ದೂರದಲ್ಲಿ ಹುಟ್ಟಿ, ಉಪಕೇಂದ್ರಗಳಿಗೆ ಬಂದು, 11 ಕಿಲೋವೋಲ್ಟಿನ ತಂತಿಗಳಲ್ಲಿ ಹರಿದು, ಊರಿನ ಟ್ರಾನ್ಸ್‌ಫಾರ್ಮರಿನಿಂದ ಮನೆಮನೆಗೆ ಇಳಿಯುವುದು. ಕೊಡುವವರು ಮೇಲಿನವರು, ಬೇಡುವವರು ಕೆಳಗಿನವರು.

ಈ ಕ್ರಮವೀಗ ತಿರುಗುತ್ತಲಿದೆ. ರಾಜ್ಯದ 2014ರ ಸೌರ ನೀತಿಯು ರೈತರು ಸ್ವಂತ ಜಮೀನಿನಲ್ಲಿ 1ರಿಂದ 3 ಮೆಗಾವಾಟ್ ಉತ್ಪಾದಿಸಲು ಎಡೆಗೊಟ್ಟಿತು. 2019ರಲ್ಲಿ ಕೇಂದ್ರ ಸರಕಾರದವರು ಆರಂಭಿಸಿದ ಕುಸುಮ್ ಯೋಜನೆಯು 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಸ್ಥಾವರಗಳನ್ನು ಉಪಕೇಂದ್ರಗಳ ಬಳಿಯಲ್ಲಿಯೇ ಕಟ್ಟಲು, ಪಂಪುಸೆಟ್ಟುಗಳ ತಂತಿಮಾರ್ಗಗಳಿಗೆ ಸೂರ್ಯನಿಂದಲೇ ಶಕ್ತಿಯೂಡಲು ದಾರಿಮಾಡಿತು. 2024ರ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಳಿಗೆಯ ಮೇಲಿನ ಸೌರಫಲಕಗಳಿಗೆ 78,000 ರೂಪಾಯಿಗಳವರೆಗೆ ಸಹಾಯಧನವುಂಟು.

ಇದರಿಂದ ಸ್ಥಳೀಯರಿಗೆ ಆಗುವ ಉಪಕಾರವು ಅಲ್ಪವಲ್ಲ. ಅರಸೀಕೆರೆಯ ತೆಂಗಿನ ತೋಟಗಳು ಬದುಕುವುದು ಕೊಳವೆಬಾವಿಗಳಿಂದ. ತಂತಿಯ ಕೊನೆಯ ಊರುಗಳಲ್ಲಿ ವೋಲ್ಟೇಜು ಕುಗ್ಗಿ ಮೋಟಾರು ಸುಡುವ ಕಷ್ಟವನ್ನು ರೈತರು ಚೆನ್ನಾಗಿ ಬಲ್ಲರು. ಶಕ್ತಿಯು ಹತ್ತಿರದಲ್ಲಿಯೇ ಹುಟ್ಟಿದರೆ ಆ ಕಷ್ಟವು ಕಡಿಮೆಯಾಗುವುದು, ದಾರಿಯ ಸೋರಿಕೆಯೂ ತಗ್ಗುವುದು. ಬೇಲೂರಿನ ಕಡೆ ಕಾಡಾನೆಗಳ ಹಾವಳಿಯಿದೆ. ಅಲ್ಲಿ ನೀರು ಕಟ್ಟಲು ರಾತ್ರಿ ತೋಟಕ್ಕೆ ಹೋಗಬೇಕಾದವನಿಗೆ ಹಗಲಿನ ವಿದ್ಯುತ್ತು ಪ್ರಾಣರಕ್ಷಣೆಯೇ ಸರಿ.

ಆದರೆ ಕೆರೆಗೂ ತಂತಿಗೂ ಒಂದು ಭೇದವಿದೆ. ಕೆರೆಯು ನೀರನ್ನು ತಡೆದಿಡುವುದು. ತಂತಿಯು ಏನನ್ನೂ ತಡೆದಿಡಲಾರದು. ಮಧ್ಯಾಹ್ನ ಮಾಳಿಗೆಗಳಲ್ಲಿ ಹುಟ್ಟಿದ ಶಕ್ತಿಯನ್ನು ಊರು ಬಳಸದಿದ್ದರೆ ಅದು ಹಿಮ್ಮುಖವಾಗಿ ಹರಿದು ವೋಲ್ಟೇಜನ್ನು ಏರಿಸುವುದು. ಒಂದೇ ದಿಕ್ಕಿನ ಹರಿವಿಗೆಂದು ಹೂಡಿದ ರಕ್ಷಣಾ ಉಪಕರಣಗಳನ್ನು ಪುನಃ ಹೊಂದಿಸಬೇಕಾಗುವುದು. ಮೇಲಿನ ಪೂರೈಕೆ ನಿಂತೊಡನೆ ಮನೆಯ ಇನ್ವರ್ಟರೂ ತಂತಿಗೆ ಶಕ್ತಿಯೂಡುವುದನ್ನು ನಿಲ್ಲಿಸದಿದ್ದರೆ ಕಂಬವೇರಿದ ಲೈನ್‌ಮನ್ನನ ಜೀವಕ್ಕೇ ಅಪಾಯ. ಸಂಜೆ ಸೂರ್ಯನು ಮುಳುಗುವ ವೇಳೆಗೆ ದೀಪಗಳ ಬೇಡಿಕೆಯು ಏರುವುದು. ಆಗ ಬ್ಯಾಟರಿಯೋ ಜಲಾಶಯದ ವಿದ್ಯುತ್ತೋ ಆಸರೆಯಾಗಬೇಕು.

ಇದಕ್ಕಿಂತಲೂ ಜಟಿಲವಾದುದು ಹಣದ ಪ್ರಶ್ನೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ತು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೂ ಬಿಲ್ಲಿನ ಚಿಂತೆಯಿಲ್ಲ. ಹೀಗಾಗಿ ಸೌರಫಲಕಗಳನ್ನು ಮೊದಲು ಹೂಡುವವರು ಹೆಚ್ಚಿನ ದರ ತೆರುತ್ತಿರುವ ಅನುಕೂಲಸ್ಥರು, ವ್ಯಾಪಾರಿಗಳು, ಕಾರ್ಖಾನೆಯವರು. ಅವರು ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಂಡರೆ ಹಾಸನ ಜಿಲ್ಲೆಗೆ ವಿದ್ಯುತ್ತು ಹಂಚುವ ಚಾಮುಂಡೇಶ್ವರಿ ನಿಗಮದ ವರಮಾನವು ತಗ್ಗುವುದು. ಕಂಬ, ತಂತಿ, ನೌಕರರ ವೆಚ್ಚವು ತಗ್ಗದು. ಆ ಭಾರವು ಕಡೆಗೆ ಬಡವರ ತಲೆಯ ಮೇಲೆಯೋ ಸರಕಾರದ ಬೊಕ್ಕಸದ ಮೇಲೆಯೋ ಬೀಳತಕ್ಕದ್ದೇ. ರಾತ್ರಿ ತಂತಿಯನ್ನು ಆಶ್ರಯಿಸುವವರು ಅದರ ಪೋಷಣೆಗೆ ನ್ಯಾಯವಾದ ಪಾಲು ಕೊಡುವುದು ಧರ್ಮ. ಆ ಪಾಲು ಎಷ್ಟೆಂಬುದನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಹಿರಂಗವಾಗಿ ಗೊತ್ತುಪಡಿಸಿ, ಬಂಡವಾಳ ಹೂಡಿದವರಿಗೆ ನಡುವೆ ಮೋಸವಾಗದಂತೆ ನಡೆಸಿಕೊಡುವುದು ಅದರ ಕರ್ತವ್ಯ.

ಇನ್ನೊಂದು ಮಾತು. ರೈತನು ಜಮೀನನ್ನು ಗುತ್ತಿಗೆಗೆ ಕೊಟ್ಟು ಬೇಲಿಯ ಹೊರಗೆ ನಿಲ್ಲುವುದಷ್ಟೇ ಈ ಬದಲಾವಣೆಯ ಫಲವಾಗಬಾರದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪಿತವಾಯಿತು. ವಿದ್ಯುತ್ತನ್ನು ಹಂಚುವ ಕಾರ್ಯವನ್ನು ಜನರೇ ವಹಿಸಿಕೊಳ್ಳಬಹುದೆಂಬುದಕ್ಕೆ ಅದು ನಿದರ್ಶನ. ಹಂಚಲು ಸಾಧ್ಯವಾದುದು ಉತ್ಪಾದಿಸಲು ಏಕೆ ಸಾಧ್ಯವಾಗದು? ಅರಸೀಕೆರೆಯ ಮಾರುಕಟ್ಟೆಯ ಉಗ್ರಾಣಗಳು, ಬೇಲೂರು ಹಳೇಬೀಡುಗಳ ಶಾಲೆಗಳು, ಪಂಚಾಯಿತಿ ಕಟ್ಟಡಗಳು, ಇವುಗಳ ಮಾಳಿಗೆಗಳನ್ನು ಸಹಕಾರ ಸಂಘಗಳಿಗೆ ವಹಿಸಿದರೆ ಸ್ವಂತ ಮಾಳಿಗೆಯಿಲ್ಲದವನೂ ಪಾಲುದಾರನಾಗಬಲ್ಲನು. ನಿಗಮದ ಅಧಿಕಾರಿಗಳು ಪ್ರತಿ ಟ್ರಾನ್ಸ್‌ಫಾರ್ಮರಿಗೂ ಮೀಟರು ಹಾಕಿಸಿ, ಅದು ಎಷ್ಟು ಸೌರಶಕ್ತಿಯನ್ನು ತಾಳಬಲ್ಲುದೆಂಬ ಲೆಕ್ಕವನ್ನು ಊರಿನ ಮುಂದೆ ಇಡಲಿ.

ಬೆಳಕು ಸೂರ್ಯನದು, ಅದನ್ನು ಹಿಡಿಯುವುದು ಕಷ್ಟವಲ್ಲ. ಪಕ್ಷಪಾತವಿಲ್ಲದೆ ತೂಬು ತೆರೆಯುವ ನೀರುಗಂಟಿಯನ್ನು ನೇಮಿಸುವುದೇ ಕಷ್ಟ. ಸರಕಾರದವರೂ ಮಹಾಜನರೂ ಆ ಕಷ್ಟಕ್ಕೆ ಈಗಲೇ ಹೆಗಲು ಕೊಡಬೇಕೆಂಬುದು ನಮ್ಮ ಬಿನ್ನಹ.